ಸರ್ವರ್‌ನಲ್ಲಿ ಮೆಮೊರಿ ಸೋರಿಕೆ: ಪತ್ತೆ ಹಚ್ಚುವ ಬಗೆ

ಹನೂರಿನ ಸಗಟು ಅಂಗಡಿಯಾಗಲಿ ಕೊಳ್ಳೇಗಾಲದ ರೇಷ್ಮೆ ಮಳಿಗೆಯಾಗಲಿ, ಬಿಲ್ಲಿಂಗ್ ಸರ್ವರ್ ದಿನಕಳೆದಂತೆ ಮಂದವಾದರೆ ಅದನ್ನು ಆರಿಸಿ ಮತ್ತೆ ಚಾಲೂ ಮಾಡಿ ಸುಮ್ಮನಾಗುವುದುಂಟು. ತೊಂದರೆ ಮಾಯವಾಗುತ್ತದೆ, ಅದರೊಡನೆ ಸಾಕ್ಷ್ಯವೂ ಅಳಿಯುತ್ತದೆ.

ತಂತ್ರಾಂಶವು ಪ್ರತಿ ಬಿಲ್ಲಿಗೂ ಕೊಂಚ ಮೆಮೊರಿಯನ್ನು ಪಡೆದು, ಕೆಲಸ ಮುಗಿದೊಡನೆ ಹಿಂದಿರುಗಿಸಬೇಕು. ಬಾಕಿ ತೀರಿದರೂ ಖಾತೆಯಿಂದ ಹೊಡೆದು ಹಾಕದ ಉದ್ರಿಯಂತೆ ಅದು ಉಳಿದುಕೊಂಡರೆ ಸೋರಿಕೆಯೆನ್ನುತ್ತಾರೆ. ಲಂಡನ್ ಆಂಬ್ಯುಲೆನ್ಸ್ ಸೇವೆಯ ಗಣಕ ವ್ಯವಸ್ಥೆಯು 1992ರ ನವೆಂಬರ್ 4ರ ನಸುಕಿನಲ್ಲಿ ನಿಂತುಹೋದದ್ದು ಇದರಿಂದಲೇ. ಸುಮಾರು ಮೂರು ವಾರಗಳ ಹಿಂದೆ ಪ್ರೋಗ್ರಾಮರ್ ಒಬ್ಬರು ಮರೆತು ಬಿಟ್ಟಿದ್ದ ತುಣುಕೊಂದು, ವಾಹನವನ್ನು ಕಳುಹಿಸಿದಾಗಲೆಲ್ಲ ಸರ್ವರಿನ ಮೆಮೊರಿಯನ್ನು ಕಬಳಿಸುತ್ತಿತ್ತು.

ವರ್ತಕ ಬಾಂಧವರು ದಿನವೂ ವ್ಯಾಪಾರ ಮುಗಿದ ಬಳಿಕ, ಒಂದೇ ಹೊತ್ತಿಗೆ, ಟಾಸ್ಕ್ ಮ್ಯಾನೇಜರಿನಲ್ಲಿ ಆ ತಂತ್ರಾಂಶದ ಮೆಮೊರಿ ಅಂಕಿಯನ್ನು ಬರೆದಿಡತಕ್ಕದ್ದು. ಸಂತೆಯ ದಿನ ಏರಿ ಮರುದಿನ ಇಳಿದರೆ ಅದು ಕೆಲಸದ ಹೊರೆ. ಏರಿ ಒಂದು ಮಟ್ಟದಲ್ಲಿ ನಿಂತರೆ, ಡೇಟಾಬೇಸು ವೇಗಕ್ಕಾಗಿ ಕಾದಿರಿಸಿಕೊಂಡ ಜಾಗವಿರಬಹುದು, ಗಾಬರಿ ಬೇಡ. ರಜೆಯ ದಿನಗಳಲ್ಲೂ ಇಳಿಯದೆ ಏರುತ್ತಲೇ ಹೋದರೆ ಸಂಶಯಕ್ಕೆ ಬಲ ಬರುತ್ತದೆ. ಆಗ ಹೊಸ ರ‍್ಯಾಮ್ ಕೊಂಡರೆ ಸರ್ವರ್ ನಿಲ್ಲುವ ದಿನ ಮುಂದಕ್ಕೆ ಹೋಗುವುದಷ್ಟೇ.

ಜಾವಾ ತಂತ್ರಾಂಶಕ್ಕೆ ಈ ಹೊರಗಿನ ಅಂಕಿ ಸಾಲದು; ಗಾರ್ಬೇಜ್ ಕಲೆಕ್ಷನ್ ಆದ ಮೇಲೂ ಉಳಿಯುವ ಹೀಪ್ ಪ್ರಮಾಣವನ್ನು ನೋಡಬೇಕು. ಸರ್ವರನ್ನು ಆರಿಸುವ ಮುನ್ನ, ಕೆಲವು ಗಂಟೆಗಳ ಅಂತರದಲ್ಲಿ ಎರಡು ಹೀಪ್ ಡಂಪ್ ತೆಗೆಸಿ ಹೋಲಿಸಿದರೆ, ಯಾವ ಬಗೆಯ ದತ್ತಾಂಶ ಬೆಳೆಯುತ್ತಿದೆ, ಅದನ್ನು ಹಿಡಿದಿಟ್ಟವರಾರು ಎಂಬುದು ತಿಳಿಯುತ್ತದೆ. ಆ ಕಡತದಲ್ಲಿ ಗಿರಾಕಿಗಳ ಹೆಸರು, ದರ, ಜಿಎಸ್‌ಟಿ ಸಂಖ್ಯೆಗಳೂ ಇರಬಹುದಾದ್ದರಿಂದ ಅದನ್ನು ತಂತ್ರಾಂಶ ಒದಗಿಸಿದವರಿಗಲ್ಲದೆ ಬೇರೆಯವರಿಗೆ ಕೊಡಲಾಗದು.