ಮೊದಲು ನೋವು, ಆಮೇಲೆ ಮಾತು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ವರ್ಗಾವಣೆಗಳ ದೆಸೆಯಿಂದ ಈ ನಾಲ್ಕೂ ತಾಲ್ಲೂಕುಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಮನೆ ಮನೆ ತಿರುಗಿದ್ದೇನೆ. ಲಸಿಕೆ, ಬಾಣಂತನ, ಬಿ.ಪಿ., ಶುಗರ್ ನಮಗೆ ಕೈಗೆ ಹತ್ತಿದ ಕೆಲಸ. ದೊಡ್ಡಾಸ್ಪತ್ರೆಯಿಂದ ‘ಇನ್ನು ಮನೆಗೆ ಕರ್ಕೊಂಡು ಹೋಗಿ’ ಅನ್ನಿಸಿಕೊಂಡು ಬಂದವರ ಮಂಚದ ಪಕ್ಕ ಏನು ಮಾಡಬೇಕೆಂಬುದನ್ನು ಕಲಿಸಿದ್ದು ಮಾತ್ರ ಆ ಮನೆಗಳೇ.

‘ಸಾಯೋ ಕಾಲ್ದಲ್ಲಿ ಇನ್ನೇನು ನಗ್ತಾರಾ ನರ್ಸಮ್ಮ?’ ಈ ಮಾತನ್ನು ನಾಲ್ಕೂ ಕಡೆ ಕೇಳಿದ್ದೇನೆ. ಅರ್ಧ ನಿಜ. ಸಾವು ಎದುರಿಗಿರುವಾಗ ದುಃಖ ಸಹಜ, ಖಿನ್ನತೆ ಸಹಜವಲ್ಲ. ಆದರೆ ಬೇರ್ಪಡಿಸಿ ನೋಡುವುದು ಕಷ್ಟ. ಊಟ ಸೇರದಿರುವುದು, ಸುಸ್ತು, ನಿದ್ದೆಗೆಡುವುದು ಇವೆಲ್ಲ ಕ್ಯಾನ್ಸರಿಗೂ ಇವೆ, ಖಿನ್ನತೆಗೂ ಇವೆ. ಹಾಗಾಗಿ ನಾನು ಬೇರೆಯದನ್ನು ನೋಡತೊಡಗಿದೆ. ಮೊಮ್ಮಗು ಬಂದರೆ ಮುಖ ಅರಳುತ್ತದೆಯೇ? ‘ನಾನು ಇವರಿಗೆಲ್ಲ ಹೊರೆ’ ಎಂದು ದಿನವೂ ಹಲುಬುತ್ತಾರೆಯೇ? ಎರಡು ವಾರ ಕಳೆದರೂ ಮುಖ ಅರಳದಿದ್ದರೆ, ಹಲುಬುವುದು ನಿಲ್ಲದಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ಕೆ.ಆರ್. ಪೇಟೆ ಕಡೆಯ ಕಬ್ಬು ಬೆಳೆಗಾರರೊಬ್ಬರಿಗೆ ಬಾಯಿ ಕ್ಯಾನ್ಸರ್. ಗೋಡೆ ಕಡೆ ತಿರುಗಿ ಮಲಗಿದವರಿಗೆ ಯಾರೊಂದಿಗೂ ಮಾತಿಲ್ಲ. ಮನೆಯವರು ಮನಸ್ಸು ಮುರಿದಿದೆ ಎಂದರು. ಕೂತು ನೋಡಿದರೆ ಕಾರಣ ಗಾಯದ ವಾಸನೆ. ಯಾರೂ ಹತ್ತಿರ ಬರಬಾರದೆಂದೇ ಅವರು ಆ ಕಡೆ ತಿರುಗಿದ್ದರು. ವೈದ್ಯರ ಸೂಚನೆಯಂತೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯಕ್ಕೆ ಉದುರಿಸುವುದನ್ನು ಹೆಂಡತಿಗೆ ತೋರಿಸಿಕೊಟ್ಟೆ. ನೋವಿಗೆ ಮಾರ್ಫಿನ್ ಬರೆದಿದ್ದರು. 2014ರ ಕಾನೂನು ತಿದ್ದುಪಡಿ ಅದರ ನಿಯಮಗಳನ್ನು ಸಡಿಲಿಸಿತ್ತು. ಆದರೂ ಆ ಮಾತ್ರೆಗಾಗಿ ಮಗ ಮೈಸೂರಿನ ಬಸ್ಸು ಹತ್ತುವುದು ತಪ್ಪಲಿಲ್ಲ. ‘ಅದು ಕೊನೇ ಮಾತ್ರೆಯಂತಲ್ಲ’ ಎಂಬ ಮನೆಯವರ ಅಂಜಿಕೆ ಬಿಡಿಸಲು ಇನ್ನಷ್ಟು ದಿನ ಹಿಡಿಯಿತು.

ನೋವು, ವಾಸನೆ ಎರಡೂ ತಗ್ಗಿದ ಮೇಲೆ ಅವರೇ ಬಾಯಿಬಿಟ್ಟರು. ಸಾಲ, ಚಿಕ್ಕ ಮಗಳ ಮದುವೆ. ಆಗ ನೇರವಾಗಿ ಕೇಳಿದೆ: ‘ಜೀವ ತಕ್ಕೊಂಬುಡೋಣ ಅನ್ನಿಸ್ತದಾ ಅಣ್ಣ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹತ್ತುತ್ತದೆ ಎಂದು ಜನ ಹೆದರುತ್ತಾರೆ. ಹತ್ತುವುದಿಲ್ಲ, ಎದೆ ಹಗುರಾಗುತ್ತದೆ. ಅವರು ಹೂಂ ಎಂದರು. ಅಂದೇ ಅಟ್ಟದ ಮೇಲಿದ್ದ ಕೀಟನಾಶಕ ಪಕ್ಕದ ಮನೆಗೆ ಹೋಯಿತು. ರಾತ್ರಿ ಒಬ್ಬರನ್ನೇ ಬಿಡಬಾರದೆಂದು ಮಗನಿಗೆ ಹೇಳಿ, ವೈದ್ಯರಿಗೂ ತಿಳಿಸಿದೆ. 2015ರಲ್ಲಿ ಕಬ್ಬು ಬೆಳೆಗಾರರ ಆತ್ಮಹತ್ಯೆಗಳನ್ನು ಕಂಡ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಸಂಕೋಚ ಸಲ್ಲ.

ಇದು ನಮ್ಮಂಥವರಿಂದ ಆಗುವ ಕೆಲಸವೇ ಎಂದು ಕೇಳುವವರಿಗೆ ಬಳ್ಳಾರಿಯನ್ನು ನೆನಪಿಸುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆಗೆ ಕೇರಳ 2008ರಲ್ಲೇ ನೀತಿ ಮಾಡಿತು. 2018ರಿಂದ ಬಂದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಸೇವಾಪಟ್ಟಿಯಲ್ಲಿ ಮಾನಸಿಕ ಆರೋಗ್ಯವೂ ಉಪಶಾಮಕ ಆರೈಕೆಯೂ ಇವೆ. ಆದರೆ ಅರ್ಧ ಗಂಟೆ ಕೂತು ಕೇಳಿದ್ದನ್ನು ಬರೆಯಲು ನಮ್ಮ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಕಾಲಂ ಇಲ್ಲದ ಕೆಲಸವನ್ನು ಮೀಟಿಂಗಿನಲ್ಲಿ ಯಾರೂ ಕೇಳುವುದಿಲ್ಲ.

ಸಾವಿನೊಂದಿಗೆ ನಮ್ಮ ಲೆಕ್ಕವೂ ಮುಗಿಯುತ್ತದೆ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು, ತಿಥಿ ಊಟ ಮುಗಿಸಿ ನೆಂಟರು ಹೊರಟ ಮೇಲೆ ಉಳಿಯುವುದು ತಿಂಗಳುಗಟ್ಟಲೆ ಹೇಲು-ಉಚ್ಚೆ ಬಾಚಿದ ಹೆಂಡತಿ ಇಲ್ಲವೇ ಸೊಸೆ. ಹೋಗಬೇಕಾದ್ದು ಆಗ. ಆಶಾ ಕಾರ್ಯಕರ್ತೆಗೆ ಆ ಮನೆಯ ದಾರಿ ಗೊತ್ತಿರುತ್ತದೆ. ಅದೊಂದು ಭೇಟಿಯನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿದು ದುಡ್ಡು ಕೊಡಿ ಎಂಬುದು ಇಲಾಖೆಗೆ ನನ್ನ ಬೇಡಿಕೆ.

ಓದುವವರ ಮನೆಯಲ್ಲೂ ಗೋಡೆ ಕಡೆ ತಿರುಗಿ ಮಲಗಿದವರಿರಬಹುದು, ಅವರನ್ನು ನೋಡಿಕೊಂಡು ದಣಿದವರಿರಬಹುದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.