ಚಿಕಿತ್ಸೆಗೆ ಹೋಗುವ ದಾರಿ

ಊರಿನಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿ, ನಿಪುಣರಾದ ಶಸ್ತ್ರವೈದ್ಯರನ್ನು ನೇಮಿಸಿದರೆ ರೋಗಿಗಳಿಗೆ ಬೇಕಾದುದೆಲ್ಲವೂ ದೊರೆತಂತಾಯಿತೆಂದು ನಾವು ಸಾಮಾನ್ಯವಾಗಿ ಭಾವಿಸುವೆವು. ಇದು ಎಷ್ಟುಮಟ್ಟಿಗೆ ಸರಿಯೆಂಬುದನ್ನು ಆಫ್ರಿಕ ಖಂಡದ ಇಥಿಯೋಪಿಯ ದೇಶದ ಒಂದು ಉದಾಹರಣೆಯಿಂದ ವಿಚಾರಮಾಡೋಣ. ವಿಷಯವು ಹೆರಿಗೆಗೆ ಸಂಬಂಧಪಟ್ಟುದಾದರೂ ಸಂಕೋಚದಿಂದ ಮುಚ್ಚಿಡತಕ್ಕದ್ದಲ್ಲ.

ಪ್ರಸವವೇದನೆಯು ಎರಡು ಮೂರು ದಿನಗಳವರೆಗೆ ಮುಂದುವರಿದರೂ ಮಗುವು ಹೊರಬರಲಾರದೆ ಹೋದರೆ, ಅದರ ತಲೆಯ ಒತ್ತಡದಿಂದ ತಾಯಿಯ ಒಳಗಣ ಮಾಂಸಕ್ಕೆ ರಕ್ತವು ಹರಿಯದೆ, ಆ ಭಾಗವು ಸತ್ತು, ಮೂತ್ರಕೋಶಕ್ಕೂ ಜನನಮಾರ್ಗಕ್ಕೂ ನಡುವೆ ರಂಧ್ರವುಂಟಾಗುವುದು. ಇದಕ್ಕೆ ಫಿಸ್ಟುಲ ಎಂದು ಹೆಸರು. ಮಗುವು ಬಹುಮಟ್ಟಿಗೆ ಸತ್ತೇ ಹುಟ್ಟುವುದು. ತಾಯಿಯ ಮೂತ್ರವು ಹಗಲಿರುಳೂ ತಾನಾಗಿ ಸೋರುತ್ತಿರುವುದು. ದುರ್ವಾಸನೆಯ ನಿಮಿತ್ತ ಎಷ್ಟೋ ಮಂದಿಯನ್ನು ಗಂಡನೂ ನೆರೆಹೊರೆಯವರೂ ದೂರಮಾಡುವರು. ಸಕಾಲದಲ್ಲಿ ಶಸ್ತ್ರಕ್ರಿಯೆಯಿಂದ ಮಗುವನ್ನು ತೆಗೆದಿದ್ದರೆ ಈ ಸಂಕಟವು ಬರುತ್ತಿರಲಿಲ್ಲ. ಆದುದರಿಂದಲೇ ಸಿರಿವಂತ ದೇಶಗಳಲ್ಲಿ ಇದು ಬಹಳ ಅಪರೂಪ.

ಆ ಸಕಾಲವು ತಪ್ಪುವುದೇಕೆ? ಇದಕ್ಕೆ ಮೂರು ವಿಳಂಬಗಳು ಕಾರಣವೆಂದು ಬಲ್ಲವರು ಹೇಳುವರು. ಮೊದಲನೆಯದು, ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ನಿಶ್ಚಯಿಸುವುದರಲ್ಲಿ ಆಗುವ ವಿಳಂಬ. ಎರಡನೆಯದು, ಬೆಟ್ಟ ಹೊಳೆಗಳನ್ನು ದಾಟಿ, ಬಂಡಿಗೋ ಮೋಟಾರಿಗೋ ಹಣ ಕೂಡಿಸಿ, ಅಲ್ಲಿಗೆ ತಲಪುವುದರಲ್ಲಿ ಆಗುವ ವಿಳಂಬ. ಮೂರನೆಯದು, ತಲಪಿದ ಮೇಲೆ ಶಸ್ತ್ರವೈದ್ಯರಾಗಲಿ, ಅರಿವಳಿಕೆ ಕೊಡುವವರಾಗಲಿ, ರಕ್ತವಾಗಲಿ ಇಲ್ಲದೆ ಕಾದು ಕುಳಿತಿರುವ ವಿಳಂಬ.

ಈ ಕೊರತೆಯು ಒಂದು ದೇಶದ್ದಲ್ಲ. ಸಕಾಲದಲ್ಲಿ, ಸುರಕ್ಷಿತವಾಗಿ, ತಾಳಬಹುದಾದ ವೆಚ್ಚದಲ್ಲಿ ಶಸ್ತ್ರಚಿಕಿತ್ಸೆಯು ದೊರೆಯದವರು ಲೋಕದಲ್ಲಿ ಸುಮಾರು 500 ಕೋಟಿ ಜನರೆಂದು ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯ ಆಯೋಗವು 2015ರಲ್ಲಿ ವರದಿಮಾಡಿತು. ಲೋಕದಲ್ಲಿ ನಡೆಯುವ ಶಸ್ತ್ರಕ್ರಿಯೆಗಳಲ್ಲಿ ಅತಿ ಬಡವರಾದ ಮೂರನೆಯ ಒಂದು ಪಾಲಿನ ಜನರಿಗೆ ಸಲ್ಲುವುದು ನೂರಕ್ಕೆ 6 ಮಾತ್ರವೆಂದೂ ಅದು ತಿಳಿಸಿತು.

ಇಥಿಯೋಪಿಯದ ರಾಜಧಾನಿಯಾದ ಆಡಿಸ್ ಅಬಾಬಕ್ಕೆ 1959ರಲ್ಲಿ ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ಎಂಬ ವೈದ್ಯ ದಂಪತಿಗಳು ಆಸ್ಟ್ರೇಲಿಯದಿಂದ ಬಂದರು. ಸೂಲಗಿತ್ತಿಯರಿಗೆ ಶಿಕ್ಷಣ ಕೊಡುವುದಕ್ಕೆಂದು ಬಂದವರು ಈ ರೋಗಿಗಳನ್ನು ಕಂಡು ಅಲ್ಲಿಯೇ ನಿಂತರು. 1974ರಲ್ಲಿ ಇವರಿಗಾಗಿಯೇ ಬೇರೊಂದು ಆಸ್ಪತ್ರೆಯನ್ನು ತೆರೆದು, ಹಣ ತೆಗೆದುಕೊಳ್ಳದೆ ಚಿಕಿತ್ಸೆಮಾಡಿದರು. ಆದರೆ ರಾಜಧಾನಿಯವರೆಗೆ ಬರಲಾರದವರ ಗತಿಯೇನು? ಆದಕಾರಣ ಕಾಲಕ್ರಮದಲ್ಲಿ ಐದು ಹೊರ ಊರುಗಳಲ್ಲಿ ಶಾಖೆಗಳು ಏರ್ಪಟ್ಟವು. 2007ರಲ್ಲಿ ಸೂಲಗಿತ್ತಿಯರ ಕಾಲೇಜೊಂದು ಆರಂಭವಾಗಿ, ಹಳ್ಳಿಗಳ ಹೆಣ್ಣುಮಕ್ಕಳನ್ನೇ ಆರಿಸಿ, ಕಲಿಸಿ, ಹಳ್ಳಿಗಳಿಗೇ ಕಳುಹಿಸತೊಡಗಿತು.

ಇಲ್ಲಿ ಮಮಿತು ಗಾಷೆ ಎಂಬವರನ್ನು ನೆನೆಯಬೇಕು. ಓದುಬರಹವರಿಯದ ಈ ಹಳ್ಳಿಯ ಯುವತಿಯು 1962ರಲ್ಲಿ ಇದೇ ವ್ಯಾಧಿಯಿಂದ ನರಳುತ್ತ ಹ್ಯಾಮ್ಲಿನ್ ದಂಪತಿಗಳ ಬಳಿಗೆ ಬಂದರು. ಗುಣವಾದ ಮೇಲೆ ಅಲ್ಲಿಯೇ ಉಳಿದು, ರೋಗಿಗಳ ಹಾಸಿಗೆ ಹಾಸುತ್ತ, ಶಸ್ತ್ರಕ್ರಿಯೆಯ ವೇಳೆ ಪಕ್ಕದಲ್ಲಿ ನಿಂತು ನೆರವಾಗುತ್ತ, ಕೊನೆಗೆ ತಾವೇ ಆ ಶಸ್ತ್ರಕ್ರಿಯೆಯನ್ನು ಮಾಡಬಲ್ಲವರಾದರು. ಕಲಿಯಬಂದ ವೈದ್ಯರಿಗೂ ಕಲಿಸಿದರು. 1989ರಲ್ಲಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಹ್ಯಾಮ್ಲಿನ್ ದಂಪತಿಗಳ ಜತೆಯಲ್ಲಿ ಇವರಿಗೂ ಚಿನ್ನದ ಪದಕವನ್ನಿತ್ತಿತು.

ಈ ಪಾಠವು ನಮಗೂ ಸಲ್ಲುವುದು. ದಾರಿಯನ್ನು ಸರಕಾರವು ಹಾಕಬೇಕು. ವೈದ್ಯರನ್ನು ಕಾಲೇಜುಗಳು ಸಿದ್ಧಪಡಿಸಬೇಕು. ಮೊದಲನೆಯ ವಿಳಂಬವಾದರೋ ಮನೆಯೊಳಗಿನದು. ಸಹನೆಯೇ ಸ್ತ್ರೀಯರಿಗೆ ಭೂಷಣವೆಂದು ನಾವು ತರಗತಿಗಳಲ್ಲಿ ಬಹುಸಾರಿ ಹೇಳಿರುವೆವು. ನೋವನ್ನು ಬಾಯಿಬಿಟ್ಟು ಹೇಳಬೇಕೆಂದು ಅಷ್ಟೇ ಸಾರಿ ಹೇಳಲಿಲ್ಲವೆಂಬುದು ಈಗ ನಮ್ಮ ಮನಸ್ಸನ್ನು ಕೊರೆಯುತ್ತಿದೆ. ಮೈ ಬಲಿಯುವ ಮುನ್ನ ತಾಯಿಯಾಗುವ ಹುಡುಗಿಯರಿಗೆ ಇಂಥ ಅಪಾಯವು ಹೆಚ್ಚು; ಆದುದರಿಂದ ಮಗಳ ಮದುವೆಗೆ ಅವಸರಪಡಬಾರದೆಂದು ತಂದೆತಾಯಿಗಳನ್ನು ಬೇಡುವೆವು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಈಗ ತಾಯಂದಿರೂ ದಾದಿಯರೂ ಉಪಾಧ್ಯಾಯಿನಿಯರೂ ಆಗಿರುವಿರಿ. ನೆರೆಮನೆಯಲ್ಲಿ ಹೆರಿಗೆಯು ತಡವಾಗುತ್ತಿರುವುದೆಂದು ಕೇಳಿದರೆ ಬೆಳಗಾಗಲೆಂದು ಕಾಯಬೇಡಿರಿ. ಎದ್ದು ಹೋಗಿ, ಅವಳನ್ನು ಆಸ್ಪತ್ರೆಗೆ ಹೊರಡಿಸಿರಿ.