ತಾರಸಿಯ ಬೀಗದ ಕೈ

ಊದಿನಕಡ್ಡಿ ಉಜ್ಜುವ ಹೆಂಗಸಿಗೆ ಬಿಸಿಲೂ ಮನೆಯ ಒಂದು ಕೋಣೆ ಇದ್ದಂತೆ. ಮಣೆಯ ಮೇಲೆ ಹೊಸೆದ ಕಡ್ಡಿ ಬೇಗ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಮಾಲು ಕೊಟ್ಟವರು ವಾಪಸ್ ಕಳಿಸುತ್ತಾರೆ, ಅಂದಿನ ಕೂಲಿ ಹೋಯಿತು. ಮೈಸೂರಿನಲ್ಲೇ ಹುಟ್ಟಿ ಬೆಳೆದ ನನಗೆ ಇಷ್ಟು ಗೊತ್ತಿರಬೇಕಿತ್ತು. ಗೊತ್ತಾದದ್ದು ಕಟ್ಟಡ ಎದ್ದು ನಿಂತ ಮೇಲೆ, ಎರಡನೇ ಮಹಡಿಯಲ್ಲಿ ಮನೆ ಸಿಕ್ಕ ದೊಡ್ಡವ್ವ ಒದ್ದೆ ಕಡ್ಡಿಯ ಮೊರ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದನ್ನು ಕಂಡಾಗ. ಮೇಲೆ ನೀರಿನ ಟ್ಯಾಂಕುಗಳಿವೆ, ಮಕ್ಕಳು ಹತ್ತಬಾರದು ಎಂದು ತಾರಸಿಗೆ ಬೀಗ ಹಾಕಿತ್ತು. "ಮನೆ ಚೆನ್ನಾಗದೆ ಕಣವ್ವ. ಬಿಸ್ಲು ಎಲ್ಲಿಂದ ತರ್ಲಿ?" ಅಂದರು. ಕೇರಿಯಲ್ಲಿ ಎಲ್ಲರೂ ಅವರನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ.

ಆಗ ನಾನು ನಗರದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಸಮುದಾಯ ಸಂಘಟಕಿ. ಕೇಂದ್ರ ಸರ್ಕಾರ 2005ರ ಡಿಸೆಂಬರ್ 3ರಂದು ಜವಾಹರಲಾಲ್ ನೆಹರು ನಗರ ನವೀಕರಣ ಅಭಿಯಾನ ಶುರು ಮಾಡಿತ್ತು. ಜನರ ಬಾಯಲ್ಲಿ ಅದು ಬರೀ ನರ್ಮ್. ಕರ್ನಾಟಕದಿಂದ ಅದಕ್ಕೆ ಆಯ್ಕೆಯಾದದ್ದು ಬೆಂಗಳೂರು ಮತ್ತು ಮೈಸೂರು, ಎರಡೇ. ರಸ್ತೆ, ನೀರು, ಬಸ್ಸು ಒಂದು ಕಡೆಯಾದರೆ, ನಗರದ ಬಡವರಿಗೆ ಮನೆ ಮತ್ತು ಮೂಲ ಸೌಕರ್ಯ ಇನ್ನೊಂದು ಕಡೆ. ನಮ್ಮ ಕೆಲಸ ಈ ಎರಡನೆಯದರಲ್ಲಿ. ಬೆಂಗಳೂರಿಗೆ ಕೇಂದ್ರ ಕೊಡುತ್ತಿದ್ದದ್ದು ಖರ್ಚಿನ ಅರ್ಧ. ಆಗ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯಿದ್ದ ಮೈಸೂರಿಗೆ ನೂರಕ್ಕೆ 80. ಉಳಿದ 20ರಲ್ಲಿ ರಾಜ್ಯ, ಪಾಲಿಕೆ ಮತ್ತು ಫಲಾನುಭವಿ ಮೂವರೂ ಸೇರಬೇಕು. ಆ 80 ಕೇಳಿ ನಮಗೆಲ್ಲ ದೀಪಾವಳಿಯಾದಷ್ಟು ಸಂತೋಷ. ಸೋರುವ ಶೀಟಿನ ಕೆಳಗೆ ಮಕ್ಕಳನ್ನು ಮಲಗಿಸಿದವರಿಗೆ ಸಿಮೆಂಟಿನ ಮಾಳಿಗೆ ಎಂದರೆ ಏನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಆ ಸಂತೋಷ ಸುಳ್ಳಾಗಿರಲಿಲ್ಲ.

ಮೊದಲ ತಪ್ಪು ಫಲಾನುಭವಿಗಳ ಪಟ್ಟಿಯಲ್ಲಾಯಿತು. ಸರ್ವೆಗೆ ಹೋದಾಗ ನಾವು ಎಣಿಸಿದ್ದು ಸೂರನ್ನು. ಒಂದು ಗುಡಿಸಲಿಗೆ ಒಂದು ನಂಬರು, ಒಂದು ಹೆಸರು, ಒಂದು ಫೋಟೋ. ಒಳಗೆ ಬಗ್ಗಿ ನೋಡಿದ್ದರೆ ಎಷ್ಟೋ ಕಡೆ ಎರಡು ಒಲೆ ಕಾಣುತ್ತಿದ್ದವು. ಒಂದು ಅತ್ತೆಯದು, ಒಂದು ಸೊಸೆಯದು, ಅಥವಾ ಗಂಡ ಬಿಟ್ಟುಹೋದ ಮಗಳದು. ಕಟ್ಟಡ ಮುಗಿದಾಗ ಒಂದು ಸೂರಿಗೆ ಒಂದು ಮನೆ ಬಂತು. ಎರಡನೇ ಒಲೆಯವರು ಬೀದಿಗೆ ಬಿದ್ದರು, ಇಲ್ಲವೇ 25 ಚದರ ಮೀಟರಿನಲ್ಲೇ ಹತ್ತು ಜನ ಒತ್ತಿಕೊಂಡರು. ಅದಾದ ಮೇಲೆ ಯಾವ ಸರ್ವೆಗೆ ಹೋದರೂ ನಾನು ಮೊದಲು ಕೇಳುವ ಪ್ರಶ್ನೆ, "ಇಲ್ಲಿ ಎಷ್ಟು ಒಲೆ ಉರೀತವೆ?" ಹಗಲು ಹೋಗುವುದನ್ನೂ ಬಿಟ್ಟೆ. ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ ಹೋದವರು ಸಿಗುವುದು ಸಂಜೆ ಏಳರ ಮೇಲೆ.

ಎರಡನೆಯದು ವಂತಿಗೆ. ಮನೆ ಪುಕ್ಕಟೆ ಕೊಡಬಾರದು ಎಂಬುದು ಆ ಯೋಜನೆಯ ನಿಯಮ. ಸಾಮಾನ್ಯ ವರ್ಗದವರು ನೂರಕ್ಕೆ 12, ಪರಿಶಿಷ್ಟರು, ಹಿಂದುಳಿದವರು, ಅಂಗವಿಕಲರು 10 ಕಟ್ಟಬೇಕಿತ್ತು. ನಿಯಮದ ಹಿಂದಿನ ಆಲೋಚನೆ ನನಗೆ ಒಪ್ಪಿಗೆಯೇ. ಆದರೆ ಮನೆಯ ಬೆಲೆ 1.5 ಲಕ್ಷ ಎಂದಿಟ್ಟುಕೊಂಡರೂ ಹತ್ತರ ಪಾಲು 15 ಸಾವಿರ, ಅದೂ ಡಿಡಿ ರೂಪದಲ್ಲಿ. ಬ್ಯಾಂಕ್ ಮೆಟ್ಟಿಲು ಹತ್ತದವರು ಕೈಸಾಲದವರ ಬಾಗಿಲು ಹತ್ತಿದರು. ದೊಡ್ಡವ್ವ ಅಡವಿಟ್ಟ ಓಲೆ ವಾಪಸ್ ಬರಲೇ ಇಲ್ಲ. ಸ್ವಸಹಾಯ ಸಂಘಗಳು ನಮ್ಮ ಕೈಯಲ್ಲೇ ಇದ್ದವು. ಒಂದು ವರ್ಷ ಮುಂಚೆ ವಾರದ ಉಳಿತಾಯವನ್ನು ಈ ಲೆಕ್ಕಕ್ಕೆ ತಿರುಗಿಸಿದ್ದರೆ ಆ ಓಲೆ ಉಳಿಯುತ್ತಿತ್ತು. ನಾವು ಡಿಡಿ ತನ್ನಿ ಎಂದು ಹೇಳಿ ಸುಮ್ಮನಾದೆವು.

ಇನ್ನು ಕಂತಿನ ವಿಷಯ. ದೆಹಲಿಯಿಂದ ಹಣ ಒಟ್ಟಿಗೆ ಬರುತ್ತಿರಲಿಲ್ಲ. ಮೊದಲು ಕಾಲು ಭಾಗ. ಅದರಲ್ಲಿ ನೂರಕ್ಕೆ 70 ಖರ್ಚಾಗಿದೆ ಎಂಬ ಪ್ರಮಾಣಪತ್ರ ಹೋದ ಮೇಲೆ ಮುಂದಿನದು. ಹಣ ಕೊಡುವವರ ಕಡೆಯಿಂದ ನೋಡಿದರೆ ನ್ಯಾಯವೇ. ಗುಡಿಸಲು ಬಿಟ್ಟು ಶೆಡ್ಡಿನಲ್ಲಿ ಕೂತವರ ಕಡೆಯಿಂದ ನೋಡಿದರೆ ಪ್ರತಿ ಕಂತಿನ ನಡುವೆ ಒಂದು ಮಳೆಗಾಲ. ಗುಡಿಸಲು ಕೆಡವಿದ ದಿನದಿಂದ ಬೀಗದ ಕೈ ಸಿಗುವವರೆಗಿನ ಬಾಡಿಗೆ ನಮ್ಮ ಲೆಕ್ಕದ ಹಾಳೆಯಲ್ಲಿ ಯಾವ ಸಾಲಿನಲ್ಲೂ ಇರಲಿಲ್ಲ. ಇದರ ಮೇಲೆ, ಮನೆ ಹಂಚಲು ಗೊತ್ತು ಮಾಡಿದ್ದು ಆಷಾಢದಲ್ಲಿ. ಮೈಸೂರಿನಲ್ಲಿ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುವವರುಂಟು, ಹೊಸ ಮನೆಯಲ್ಲಿ ಹಾಲು ಉಕ್ಕಿಸುವವರು ಯಾರು? ಜನ ಬರಲಿಲ್ಲ. "ಇವರಿಗೆ ಮನೆ ಬೇಡವಂತೆ" ಎಂಬ ಮಾತು ಹಬ್ಬಿತು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಆದರೆ ನಾನು ಹೆಚ್ಚು ಯೋಚಿಸುವುದು ಒಪ್ಪಿಗೆ ಸಭೆಯ ಬಗ್ಗೆ. ನಕ್ಷೆಯ ಹಾಳೆಯನ್ನು ಗೋಡೆಗೆ ಅಂಟಿಸಿ, "ಎರಡು ಕೋಣೆ, ಅಡುಗೆಮನೆ, ಕಕ್ಕಸು. ಒಪ್ಪಿಗೆಯಾ?" ಎಂದು ಕೇಳಿದವಳು ನಾನೇ. ಎಲ್ಲರೂ ಕೈ ಎತ್ತಿದರು. ನಾನು ಕೈ ಎಣಿಸಿ ಬರೆದುಕೊಂಡೆ. ಬೆಳಿಗ್ಗೆ ಹತ್ತಕ್ಕೆ ನೀವು ಏನು ಮಾಡುತ್ತೀರಿ, ಎಲ್ಲಿ ಕೂತು ಮಾಡುತ್ತೀರಿ, ತಳ್ಳುಗಾಡಿ ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿದ್ದರೆ ನೆಲಮಹಡಿಯ ಮನೆಗಳು ಗಾಡಿಯವರಿಗೆ, ಮುದುಕರಿಗೆ ಹೋಗುತ್ತಿದ್ದವು. ತಾರಸಿಗೆ ಕೈಪಿಡಿ ಗೋಡೆ ಎತ್ತರಿಸಿದ್ದರೆ ಬೀಗವೇ ಬೇಕಾಗುತ್ತಿರಲಿಲ್ಲ. ಅದಕ್ಕೆ ಹೆಚ್ಚು ಹಣವೂ ಬೇಡವಾಗಿತ್ತು.

ಸಭೆ ಎಂದಾಗ ಇನ್ನೊಂದು ಮಾತು ನೆನಪಾಗುತ್ತದೆ. ನನ್ನ ತಂಗಿಯ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ 1974ರ ಕಾಯ್ದೆಯಡಿ ಕೇಂದ್ರ ಸರ್ಕಾರ ಊರುಗಳಿಗೆ ಇಡಿಗಂಟು ಕೊಡುತ್ತದೆ. ಮನೆ ದುರಸ್ತಿಗೋ, ಚರಂಡಿಗೋ, ವಯಸ್ಸಾದವರ ಕೇಂದ್ರಕ್ಕೋ ಎಂದು ಊರೇ ತೀರ್ಮಾನಿಸಬಹುದು. ನೂರಕ್ಕೆ 70 ಭಾಗವಾದರೂ ಕಡಿಮೆ, ಮಧ್ಯಮ ಆದಾಯದವರಿಗೆ ಉಪಯೋಗವಾಗಬೇಕು, ಜನರನ್ನು ಕರೆದು ಬಹಿರಂಗ ಸಭೆ ನಡೆಸಬೇಕು. ನಮಗೂ ಅಂಥ ಇಡಿಗಂಟು ಇರಬೇಕಿತ್ತು ಎಂದು ನಾನು ಆಸೆಯಿಂದ ಹೇಳಿದೆ. "ನಮ್ಮೂರ ಸಭೆಗೆ ಆರೇ ಜನ ಬಂದಿದ್ರು ದೊಡ್ಡಮ್ಮ," ಅಂದ ಅವನು. "ಕೆಲಸದ ಹೊತ್ತಲ್ಲಿ ಇಟ್ಟಿದ್ರು." ನಮ್ಮ ಕೇರಿಯ ಸರ್ವೆ ನೆನಪಾಯಿತು.

2015ರ ಜೂನ್ 25ರಂದು ನಗರಗಳಿಗೆ ಪ್ರಧಾನ ಮಂತ್ರಿ ಆವಾಸ್ ಯೋಜನೆ ಬಂತು. ಸ್ವಂತ ಜಾಗದಲ್ಲಿ ತಾವೇ ಕಟ್ಟಿಕೊಳ್ಳುವವರಿಗೆ ಕೇಂದ್ರದಿಂದ 1.5 ಲಕ್ಷ, ಮೇಲೆ ರಾಜ್ಯದ ಪಾಲು. ಮನೆ ಹೆಂಗಸಿನ ಹೆಸರಿನಲ್ಲಿರಬೇಕು, ಇಲ್ಲವೇ ಜಂಟಿಯಾಗಿ. ಇದು ನನಗೆ ಬಹಳ ಹಿಡಿಸಿತು. ಆದರೆ ಹಕ್ಕುಪತ್ರ ಇಲ್ಲದವರು ಈ ಹಣಕ್ಕೆ ಅರ್ಜಿಯನ್ನೇ ಹಾಕುವಂತಿರಲಿಲ್ಲ. ಹಾಗಾಗಿ ಈ ಸಲ ನಾವು ಮನೆಯ ಮಾತಿಗೆ ಮೊದಲು ಕಾಗದ ಹಿಡಿದುಕೊಂಡು ಓಡಾಡಿದೆವು. ಗಂಡನ ಅಪ್ಪನ ಹೆಸರಿನಲ್ಲೇ ಉಳಿದಿದ್ದ ಹಕ್ಕುಪತ್ರಗಳ ಖಾತೆ ಬದಲಾವಣೆಗೇ ತಿಂಗಳುಗಟ್ಟಲೆ ಹೋಯಿತು. ಪಾಯ, ಲಿಂಟಲ್, ಮಾಳಿಗೆ ಎಂದು ಹಂತ ಹಂತದ ಫೋಟೋ ತೆಗೆದ ಮೇಲೆ ದುಡ್ಡು ಬರುತ್ತಿದ್ದುದರಿಂದ ಪಾಯದ ದುಡ್ಡು ಕೈಯಿಂದಲೇ ಹಾಕಬೇಕಿತ್ತು. ಅದನ್ನು ಸಂಘದಿಂದ ಸಾಲ ಕೊಡಿಸಿ, ಕಂತು ಬಂದಾಗ ಹಿಡಿದು, ಮುಂದಿನವರಿಗೆ ಕೊಟ್ಟೆವು. ಒಂದೇ ದುಡ್ಡು ಹಲವು ಮನೆಗಳ ಪಾಯ ಹಾಕಿಸಿತು.

ದೊಡ್ಡವ್ವನ ಕಟ್ಟಡದ ಕಥೆ ಬೇರೆ ದಾರಿ ಹಿಡಿಯಿತು. ಅನುದಾನ ಮುಗಿದ ಮೇಲೆ ಮೋಟಾರಿನ ಕರೆಂಟ್ ಬಿಲ್ಲು ಯಾರದು, ಮೆಟ್ಟಿಲ ಬಲ್ಬು ಯಾರದು ಎಂಬ ಜಗಳ ಒಂದೂವರೆ ವರ್ಷ ನಡೆಯಿತು. ಗಂಡಸರ ಸಂಘ ಎರಡು ಸಲ ಆಯಿತು, ಎರಡು ಸಲ ಮುರಿಯಿತು. ಮೂರನೇ ಸಲ ಹೆಂಗಸರೇ ಕೂತರು. ತಿಂಗಳಿಗೆ ಮನೆಗೆ 30 ರೂಪಾಯಿ, ಪುಸ್ತಕ ಒಬ್ಬರ ಬಳಿ, ದುಡ್ಡು ಇನ್ನೊಬ್ಬರ ಬಳಿ. ತಾರಸಿಯ ಬೀಗಕ್ಕೆ ಮಹಡಿಗೊಂದರಂತೆ ಮೂರು ಕೀ ಮಾಡಿಸಿದರು. ಒಂಬತ್ತರವರೆಗೆ ಬಟ್ಟೆ, ಆಮೇಲೆ ನಾಲ್ಕರವರೆಗೆ ಕಡ್ಡಿ, ಮಕ್ಕಳು ಹತ್ತಿದರೆ ಆ ಹೊತ್ತಿಗೆ ಕೀ ಇಟ್ಟುಕೊಂಡವರೇ ಹೊಣೆ. ಮೊದಲ ದಿನ ದೊಡ್ಡವ್ವ ನನ್ನನ್ನು ಮೇಲೆ ಕರೆದುಕೊಂಡು ಹೋದರು. ಟ್ಯಾಂಕುಗಳ ನಡುವೆ ಕಪ್ಪು ಕಡ್ಡಿಗಳು ಬೀಸಣಿಗೆಯಂತೆ ಹರಡಿದ್ದವು, ಆಚೆಗೆ ಬೆಟ್ಟ. ಅವರು ಏನೂ ಹೇಳದೆ ಒಂದೊಂದೇ ಹಿಡಿಯನ್ನು ಮಗುಚಿ ಹಾಕುತ್ತಾ ಹೋದರು.

ಈಗ ಸಂಪು ಬಿರುಕು ಬಿಟ್ಟಿದೆ, ನೀರು ನಿಲ್ಲುತ್ತಿಲ್ಲ. ಅವರ ಪುಸ್ತಕದಲ್ಲಿರುವ ದುಡ್ಡು ದುರಸ್ತಿಗೆ ಸಾಲದು. ಪಾಲಿಕೆಯ ಬಜೆಟ್ಟಿನಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25 ಎಂದು ಮೀಸಲಿಡುವ ಹಣವಿದೆ. ಅದರಲ್ಲಿ ಕೇಳಬಹುದು ಎಂದು ಹೇಳಿದ್ದೇನೆ. ಭಾನುವಾರ ಸಂಜೆ ಏಳೂವರೆಗೆ ಸಭೆ. ಪುಸ್ತಕ ಬರೆಯುವ ಹುಡುಗಿಗೆ ಪಿಯುಸಿ ಪರೀಕ್ಷೆಯಂತೆ, ಅರ್ಜಿ ಬರೆಯಲು ನಾನು ಹೋಗುತ್ತಿದ್ದೇನೆ.